ಎರಡನೇ ಅಂಕದ ಕುಣಿತ

ಪ್ಯಾರಿಸ್ಸಿನ ಒಪೆರಾ ಮಂದಿರದ ಟಿಕೆಟ್ ಕಿಟಕಿ ಇನ್ನೂ ತೆರೆದಿರಲಿಲ್ಲ. ಕೈಗವಸು ಹೊಲಿಯುವ ಲಿಯೊಂತೀನ್ ಸಾಲಿನಲ್ಲಿ ನಿಂತಿದ್ದಳು. ಅವಳ ಕಿವಿ ಮಾತ್ರ ಪಕ್ಕದ ಕಂಬದ ಬಳಿಯ ಜಗಳದ ಮೇಲಿತ್ತು. ಕೂಲಿಗೆ ಚಪ್ಪಾಳೆ ತಟ್ಟುವವರ ಮುಖಂಡ ಬಾಸ್ತೀದನನ್ನು ಆ ಬೀದಿಯಲ್ಲಿ ಅರಿಯದವರಿಲ್ಲ. ಅವನೆದುರು ನಿಂತವನು ಶುಕ್ರವಾರ ಮೊದಲ ಸಲ ಆಡಲಿರುವ ಒಪೆರಾಗೆ ಸಂಗೀತ ಕಟ್ಟಿದ ಮೊರ್ವಾನ್.

“ಕುಣಿತಾನ ಮೊದಲನೇ ಅಂಕದಲ್ಲಿ ಇಟ್ಟಿದ್ದೀರಂತೆ? ಬುದ್ಧಿ ನೆಟ್ಟಗಿದೆಯಾ ಸ್ವಾಮಿ?”

“ಮದುವೆ ಇರೋದೇ ಅಲ್ಲಿ. ಇನ್ನೆಲ್ಲಿ ಕುಣೀಲಿ?”

“ದೊಡ್ಡ ಮನುಷ್ಯರು ಆಗಿನ್ನೂ ಊಟ ಮಾಡ್ತಿರ್ತಾರೆ. ಎರಡನೇ ಅಂಕಕ್ಕೆ ಬಂದಾಗ ತಮ್ಮ ಮೆಚ್ಚಿನ ಹುಡುಗೀರು ಕುಣೀದಿದ್ರೆ ಸೀಟಿ ಹೊಡೆದು ಆಟ ಕೆಡಿಸ್ತಾರೆ.”

“ಹೊಡೀಲಿ. ನಿಮ್ಮ ಜನ ಚಪ್ಪಾಳೆ ತಟ್ಟಲಿ.”

“ಅಷ್ಟು ಸೀಟಿ ಮುಂದೆ ನಮ್ಮ ನಲವತ್ತು ಜನರ ಚಪ್ಪಾಳೆ ಕೇಳಿಸುತ್ತಾ? ನಿಮ್ಮ ಏಳು ವರ್ಷದ ದುಡಿಮೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ.”

“ಎರಡನೇ ಅಂಕದಲ್ಲಿ ತಾಯಿ ಸಾಯ್ತಾಳ್ರೀ! ಮಗ ಬರ್ತಾನೆ ಅಂತ ಬಾಗಿಲು ನೋಡ್ತಾ ನೋಡ್ತಾ ಸಾಯ್ತಾಳೆ.”

“ಸಾಯೋಕೆ ಮುಂಚೆ ಮಗನ ಮದುವೆ ಕನಸು ಕಾಣ್ಲಿ. ಅಲ್ಲಿ ಕುಣಿಸಿ.”

“ಆ ತಾಯಿ ಬೇರೆ ಯಾರೂ ಅಲ್ಲ, ನಮ್ಮಮ್ಮ ಕಣ್ರೀ.”

ಬಾಸ್ತೀದ್ ತಲೆಯ ಮೇಲಿನ ಟೊಪ್ಪಿ ತೆಗೆದ. ಆದರೆ ಆಡಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಕಿಟಕಿ ತೆರೆಯಿತು. ಹಿಂದಿನವರು ತಳ್ಳಿದರೂ ಲಿಯೊಂತೀನ್ ಕದಲಲಿಲ್ಲ.

“ಎಷ್ಟು ಹೊತ್ತು ಕುಣೀಬೇಕು?” ಮೊರ್ವಾನ್ ಕೊನೆಗೆ ಕೇಳಿದ.

“ಕಾಲು ಗಂಟೆ ಸಾಕು.”

ಇಬ್ಬರೂ ಒಳಬಾಗಿಲ ಕಡೆ ನಡೆದರು. ಬಾಗಿಲು ಮುಚ್ಚುವ ಮುನ್ನ ಮೊರ್ವಾನನ ಮಾತು ಅವಳಿಗೆ ಕೇಳಿಸಿತು.

“ಕಾಯ್ತಾಳೆ ಬಿಡಿ. ಅಮ್ಮ ಸತ್ತ ದಿನಾನೂ ನಾನು ಇಲ್ಲೇ ತಾಲೀಮಿನಲ್ಲಿದ್ದೆ. ಅವಳು ಕಾಯ್ತಾನೇ ಇದ್ಲು.”