ಪೂಜೆಗೆ ಮುಂಚಿನ ಗುಳಿಗೆ

ನಾಸಿಕದ ದವಾಖಾನೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ವಚನ ಗುನುಗುತ್ತಿದ್ದ ನಾಗಮ್ಮನ ಕಿವಿಗೆ, ಅಷ್ಟು ಮರಾಠಿಯ ನಡುವೆ, ಬೀದರ್ ಕಡೆಯ ಕನ್ನಡ ಬಿತ್ತು. ಪಕ್ಕದಲ್ಲಿ ಅಣ್ಣ, ತಂಗಿ. ಇಬ್ಬರ ನಡುವೆ ತಂಗಿಯ ಗಂಡ ಮಡಿವಾಳಪ್ಪ ಗೋಡೆ ನೋಡುತ್ತ ಕೂತಿದ್ದ.

“ಐವತ್ತೆರಡಕ್ಕ ಅರಳುಮರಳೇನ, ಕಸ್ತೂರಿ? ನಮ್ಮಪ್ಪಗ ಎಂಬತ್ತಾದ್ರೂ ಬಂದಿರಲಿಲ್ಲ!”

“ಬಿ.ಪಿ. ಏರಿ ಏರಿ ಮಿದುಳಿನ ಸಣ್ಣ ನರ ಕಟ್ಟ್ಯಾವಂತ, ಅಣ್ಣಾ.”

“ಗುಳಿಗಿ ಕೊಟ್ಟಿದ್ರಲ್ಲ?”

“ಮುಂಜಾನಿ ಗುಳಿಗಿ. ಲಿಂಗಪೂಜಿ ಆಗೋತನಕ ಹನಿ ನೀರೂ ಇಳಿಸ್ತಿರಲಿಲ್ಲ. ಪೂಜಿ ಮುಗಿಯೋದ್ರಾಗ ಓಝರ್ ಫ್ಯಾಕ್ಟರಿ ಬಸ್ ಬರ್ತಿತ್ತು. ‘ನಾಳಿ ನೋಡೂಣು’ ಅಂತ ಓಡ್ತಿದ್ರು. ವರ್ಷಗಟ್ಟಲೆ ಹಿಂಗ.”

“ತಂಬಾಕು ಮಾತ್ರ ಒಂದಿನ ಮರೀಲಿಲ್ಲ! ನೀನರೆ ಹೇಳಬಾರದಿತ್ತೇನ?”

“ಹೇಳಿದ್ರ, ‘ಶಿವನಗಿಂತ ಗುಳಿಗಿ ದೊಡ್ಡದೇನ’ ಅಂತಿದ್ರು. ನಾನೂ ಹೌದಂದೆ.”

ನಾಗಮ್ಮನ ತುಟಿ ಅಲ್ಲೇ ನಿಂತಿತು. ಅಂಥ ಮಾತಿಗೆ ಆಕೆಯೂ ಹೌದೆನ್ನುವವಳೇ.

ಕಸ್ತೂರಿ ಚೀಲದಿಂದ ಗುಳಿಗೆ ತೆಗೆದಳು. “ಈಗರೆ ನುಂಗ್ರಿ.”

ಮಡಿವಾಳಪ್ಪ ಕೈ ಸರಿಸಿದ. “ಪೂಜಿ ಆಗಿಲ್ಲ.”

“ಆಗೇದರಿ! ಇವತ್ತ ಮೂರು ಸರ್ತಿ ಕೂತೀರಿ!”

“ಸುಳ್ಳು ಹೇಳಬ್ಯಾಡ. ಇನ್ನಾ ವಿಭೂತಿನೂ ಹಚ್ಚಿಲ್ಲ.”

ಅವನ ಹಣೆಯ ಮೇಲೆ ವಿಭೂತಿ ಪದರು ಪದರಾಗಿ ಒಣಗಿ ಬಿರುಕು ಬಿಟ್ಟಿತ್ತು. ಅಣ್ಣ ಅದನ್ನು ನೋಡಿದ.

ಒಳಗಿನಿಂದ ಹೆಸರು ಕೂಗಿದರು. ಮಡಿವಾಳಪ್ಪ ಕದಲಲಿಲ್ಲ.

ಕಡೆಗೆ ಅಣ್ಣ ಬಾಗಿ ಅಂದ: “ಏಳ್ರಿ ಮಡಿವಾಳಪ್ಪನೋರ. ಪೂಜಿಗೆ ಕರೀಲಿಕ್ಕತ್ತಾರ.”

ಅವನು ಚಪ್ಪಲಿ ಕಳಚಿಟ್ಟು, ಕೈ ಮುಗಿದುಕೊಂಡು ಡಾಕ್ಟರ ಕೋಣೆಗೆ ನಡೆದ.