ಕೌದಿಗೂ ಒಂದು ಹೊಟ್ಟಿ ಐತಿ

...ಇಲ್ಲ, ಅದನ್ನ ಆ ಕರೀ ಚೀಲದಾಗ ತುರುಕಬ್ಯಾಡ. ತಗಿ ಹೊರಗ. ಚೆನ್ನೂ, ನಿನಗ ಹೇಳಾಕತ್ತೀನಿ, ತಗಿ ಅಂದ್ರ ತಗಿ. ಹರದೈತಿ, ಗೊತ್ತೈತಿ ನನಗ, ಕಣ್ಣು ಮಂಜಾಗ್ಯಾವ, ಕುರುಡಾಗಿಲ್ಲ. ನಿಮ್ಮವ್ವ ಫೋನಿನಾಗ ಹೊಸಾ ಡ್ಯೂವೆ, ಅದ ಇಲ್ಲಿಯವರ ದಪ್ಪ ರಜಾಯಿ, ಆರ್ಡರ್ ಮಾಡ್ಯಾಳಂತ. ಮಾಡ್ಲಿ, ಬರ್ಲಿ, ನಾ ಏನೂ ಅನ್ನಂಗಿಲ್ಲ. ಆದ್ರ ಈ ಕೌದಿ ಕಸದ ಬಿನ್ನಿಗೆ ಹೋಗಂಗಿಲ್ಲ. ಒಮ್ಮೆ ಹೋಗಿ ಬಂದೈತಿ ಅದು. ಹೂಂ, ಬಿನ್ನಿನೊಳಗ ಇಳದು ತಿರುಗಿ ಬಂದೈತಿ. ನಗತೀಯೇನು? ಕೂಡು ಇಲ್ಲೆ, ಈ ಗಾಜಿನ ಖೋಲ್ಯಾಗ, ಕನ್ಸರ್ವೇಟರಿಯೊಳಗ, ಬಿಸಲು ಇರೂತನಕ ಹೇಳಿಬಿಡ್ತೀನಿ. ನೀಲಾ, ನೀನೂ ಬಾರವಾ, ಕಿವ್ಯಾಗಿಂದು ತಗದಿಟ್ಟು ಬಾ. ನಿನಗ ಅರ್ಧಾ ನೆನಪೈತಿ, ನಿನ್ನ ತಮ್ಮಗ ಏನೂ ಗೊತ್ತಿಲ್ಲ, ಇಂವ ಇನ್ನೂ ಹುಟ್ಟಿರಲಿಲ್ಲ.

ಆ ವರ್ಷ... ಯಾವ ವರ್ಷ ಅಂತ ಕೇಳಬ್ಯಾಡ್ರಿ, ನೀಲಾಗ ಎಂಟು. ಅಲ್ಲಲ್ಲ, ಏಳು ಮುಗದು ಎಂಟರಾಗ ಬಿದ್ದಿದ್ಲು, ಮುಂದಿನ ಎರಡು ಹಲ್ಲು ಮೊಲದ ಹಲ್ಲಿನಂಗ ಬಂದಿದ್ದುವು, ಅದು ನೆನಪೈತಿ. ನಿಮ್ಮಪ್ಪನ ಕೆಲಸ ಹೋತು. ಕಾರಿಗೆ ಬಿಡಿಭಾಗ ಮಾಡೂ ಸಣ್ಣ ಕಂಪನಿ, ಒಂದಿನ ಬಾಗಲಕ್ಕ ಬೀಗ ಬಿತ್ತು. ಸೊಲಿಹಲ್‌ದಾಗಿನ ದೊಡ್ಡ ಮನಿ ಬಿಟ್ಟು, ಕಾರು ಬಿಟ್ಟು, ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಕಡೆ ಒಂದು ಸಾಲುಮನಿ ಬಾಡಿಗಿ ಹಿಡದ್ವಿ, ನಿಮ್ಮವ್ವಗ ದವಾಖಾನಿಗೆ ನಡಕೊಂತ ಹೋಗಾಕ ಬರಲಿ ಅಂತ. ಆಕಿ ಡಾಕ್ಟರು ಖರೆ, ಆದ್ರ ಇನ್ನೂ ಪರೀಕ್ಷಾ ಮುಗದಿರಲಿಲ್ಲ, ರೋಟಾದಾಗ, ಪಾಳಿ ಪಟ್ಟಿಯೊಳಗ, ಹೆಸರು ಬಂದ್ರ ಹಬ್ಬ ಇಲ್ಲ, ಹುಣ್ಣಿವಿ ಇಲ್ಲ. ನಾ ಆಗಷ್ಟ ಧಾರವಾಡದಿಂದ ಬಂದಿದ್ದೆ. ನಿಮ್ಮ ಅಜ್ಜಾರು ಲಿಂಗೈಕ್ಯ ಆಗಿದ್ರು, ಮನ್ಯಾಗ ಒಬ್ಬಾಕಿ ಏನ್ ಮಾಡ್ತಿ ಬಾ ಅಂತ ನಿಮ್ಮವ್ವನೇ ಕರದಿದ್ಲು. ಎರಡು ಸೂಟಕೇಸ್ ತುಂಬ ಸೀರಿ ತಂದಿದ್ದೆ ನೋಡ್ರಿ, ಹುಚ್ಚಿ! ಸೀಮಂತ, ಮದವಿ, ಮಂದಿ ಬರೂದು ಹೋಗೂದು ಇರತೈತಿ ಅಂತ ತಿಳಕೊಂಡಿದ್ದೆ. ಆ ಸಾಲುಮನ್ಯಾಗ ಯಾರ್ ಬರತಾರ? ಥಂಡಿ ಬರತಿತ್ತು, ಅಷ್ಟ. ಗ್ವಾಡಿ ಬೆವರತಿದ್ದುವು. ಮುಂಜಾನೆ ಒಂದು ತಾಸು, ಸಂಜೀಕ ಒಂದು ತಾಸು ಹೀಟಿಂಗು, ಉಳದ ಹೊತ್ತು ಶಿವನ ಗತಿ. ನೀಲಾ ಕೋಟು ಹಾಕ್ಕೊಂಡ ಮಲಗತಿದ್ಲು. ಹೌದಿಲ್ಲ ನೀಲಾ? ನೋಡು, ಗೋಣು ಹಾಕತಾಳ.

ನಾ ಅಂದೆ, ಶಿವಾ, ಕೈ ಕೊಟ್ಟಿ, ಸೂಜಿ ಹಿಡಿಯೂ ಬುದ್ಧಿ ಕೊಟ್ಟಿ, ಮತ್ತ ಏನ್ ಬೇಡಲಿ? ಮದಲ ಗಾಳಿ ನುಗ್ಗೂ ಬಾಗಲ ಸಂದಿ. ನೀಲಾನ ಗಿಡ್ಡಾದ ಸಾಲಿ ಸ್ವೆಟರಿನ ತೋಳು ಕತ್ತರಿಸಿ, ಒಳಗ ಚಿಂದಿ ತುಂಬಿ, ಉದ್ದಕ ಜೋಡಿಸಿ ಹೊಲದು ಬಾಗಲಡಿ ಇಟ್ಟೆ. ಈಕಿ ಅದಕ್ಕ ಎರಡು ಗುಂಡಿ ಹಚ್ಚಿ ಕಣ್ಣು ಮಾಡಿದ್ಲು, ಕೆಂಪು ರಿಬ್ಬನ್ನಿಂದು ನಾಲಿಗಿ. "ಆಯಿ, ಶಿವಾಸ್ ಸ್ನೇಕ್. ಹಿ ಈಸ್ ಆನ್ ಡ್ಯೂಟಿ" ಅಂದ್ಲು. ನಾ ದಿನಾ ಅದನ್ನ ದಾಟುವಾಗ ಕೈಮುಗದು ದಾಟತಿದ್ದೆ. ಈಗ ಇವರ ಸಾಲ್ಯಾಗ ಇದಕ್ಕ ಅಪ್‌ಸೈಕಲ್ ಅಂತಾರಂತ, ಅದಕ್ಕೊಂದು ಪಾಠ ಐತಂತ, ಮಾರ್ಕ್ಸ್ ಐತಂತ! ನಮ್ಮವ್ವ ಅದಕ್ಕ ಹೆಸರ ಇಟ್ಟಿರಲಿಲ್ಲ, ತಂಗಿ. ಒಗಿಯಾಕ ಮನಸ ಬರತಿರಲಿಲ್ಲ ಆಕಿಗೆ.

ಆಮ್ಯಾಲೆ ಈ ಕೌದಿ. ನೋಡ್ರಿ ಇಲ್ಲೆ, ಈ ಹಸರು ನಂದ ಇಳಕಲ್ ಸೀರಿ, ಇದು ನಿಮ್ಮ ಅಜ್ಜಾರ ಧೋತರ, ಪೂಜಿಗೆ ಉಡತಿದ್ರು, ಇದು ಸೊಲಿಹಲ್ ಮನಿ ಪಡದೆ, ಆ ಸಣ್ಣ ಕಿಡಕಿಗೆ ಬಾಳ ಉದ್ದ ಆಗಿದ್ದುವು. ನಮ್ಮ ಕಡೆ ಕೌದಿ ಅಂದ್ರ ನಾಕು ಮೂಲಿಗೆ ನಾಕು ಹೆಂಗಸರು ಕೂಡತಾರ, ಜಗ್ಗಿ ಹಿಡಿಬೇಕಲ್ಲ, ಇಲ್ಲಾಂದ್ರ ನಿರಿಗಿ ಬೀಳತಾವು. ಇಲ್ಲೆ ನಾ ಒಬ್ಬಾಕಿ. ನಿಮ್ಮವ್ವ ದವಾಖಾನ್ಯಾಗ, ನೀಲಾ ಸಾಲ್ಯಾಗ, ನಿಮ್ಮಪ್ಪ ಮ್ಯಾಲಿನ ಖೋಲ್ಯಾಗ ಲ್ಯಾಪ್‌ಟಾಪ್ ಮುಂದ, ಅರ್ಜಿ ಬರದು ಬರದು ಮಾತಾಡೂದ ಬಿಟ್ಟಿದ್ದ. ಹಿಂಗಾಗಿ ಒಂದು ಮೂಲಿಗೆ ಕುಕ್ಕರ್ ಇಟ್ಟೆ, ಒಂದಕ್ಕ ಅಕ್ಕಿ ಚೀಲ, ಒಂದಕ್ಕ ನೀಲಾನ ಹಳೀ ದಪ್ಪ ಪುಸ್ತಕ. ನಾಕನೇ ಮೂಲ್ಯಾಗ ನಾ. ಒಂದು ಹೊಲಿಗಿಗೆ ಒಂದು ಶಿವಾ, ಒಂದು ಹೊಲಿಗಿಗೆ ಒಂದು ಶಿವಾ. ಎಷ್ಟು ವಾರ ಹಿಡೀತೋ ಏನೋ.

ಕಡೀ ಮೂಲಿ ಮುಚ್ಚೂ ಮುಂದ ನಮ್ಮ ಮನ್ಯಾಗ ಒಂದು ಪದ್ಧತಿ ಐತಿ. ಕೌದಿಗೆ ಹೊಟ್ಟಿ ತುಂಬಿಸಬೇಕು. ಒಂದು ತುಣುಕು ರೊಟ್ಟಿ, ಒಂದಿಷ್ಟು ಬೆಲ್ಲ ಒಳಗಿಟ್ಟು ಹೊಲಿಯೂದು. ಉಪವಾಸ ಕೌದಿ ಹೊತ್ತರ ಮನಿ ಉಪವಾಸ ಅಂತ ನಮ್ಮವ್ವ ಹೇಳತಿದ್ಲು. ನಾ ಹಂಗ ಮಾಡಿದೆ. ಧಾರವಾಡದ ಬಿಸಲಿಗೆ ಆ ರೊಟ್ಟಿ ಕಲ್ಲಾಗಿ ಹೋಗತೈತ್ರಿ, ವರ್ಷಾನುಗಟ್ಟಲೆ ಏನೂ ಆಗಂಗಿಲ್ಲ. ಇಲ್ಲಿ ಬಿಸಲು ಎಲ್ಲೈತಿ? ಹದಿನೈದು ದಿನಾ ಆಗಿರಬೇಕು, ಒಂದಿನ ಮುಂಜಾನೆ ಈಕಿ ಚಿಟ್ಟನ ಚೀರಿದ್ಲು. ಓಡಿ ಹೋಗಿ ನೋಡ್ತೀನಿ, ಕೌದಿ ಮೂಲಿ ಕಡದೈತಿ, ಇಷ್ಟ ಇಷ್ಟ ಬಾಲದ್ದೊಂದು ಇಲಿ, ನನ್ನ ನೋಡಿ ಹೋತು ಬುರ್ರನ. ಅದ ಹೊತ್ತಿಗೆ ನಿಮ್ಮವ್ವ ಪಾಳಿ ಮುಗಿಸಿ ಒಳಗ ಬಂದ್ಲು, ಕಣ್ಣು ಕೆಂಪಗ, ಒಂದು ಬೂಟು ಬಿಚ್ಚ್ಯಾಳ, ಒಂದು ಕಾಲಾಗ ಐತಿ.

"ಅವ್ವಾ, ಇದೇನು? ರೊಟ್ಟಿ? ಹಾಸಗ್ಯಾಗ ರೊಟ್ಟಿ ಹೊಲದೀಯಾ?"

"ಕೌದಿ ಹೊಟ್ಟಿ ಖಾಲಿ ಇಡಬಾರದು, ತಂಗಿ..."

"ಹೊಟ್ಟಿಯಂತ ಹೊಟ್ಟಿ! ನಾ ಡಾಕ್ಟರ್ ಅದೀನಿ ಅವ್ವಾ, ನನ್ನ ಮಗಳ ಹಾಸಗ್ಯಾಗ ಇಲಿ! ನನ್ನ ಕೈಲೆ ಆಗಂಗಿಲ್ಲ. ಮ್ಯಾಲಿನ ಖೋಲ್ಯಾಗ ಕೂತ ಅವರನ್ನ ನೋಡ್ಲೋ, ನೀಲಾನ ನೋಡ್ಲೋ, ನಿನ್ನ ನೋಡ್ಲೋ? ನೀ ತಿರುಗಿ ಧಾರವಾಡಕ್ಕ ಹೋಗು. ಟಿಕೆಟ್ ನೋಡ್ತೀನಿ."

ಹಂಗಂದು ಕೌದಿ ಸುರುಳಿ ಸುತ್ತಿ ಒಯ್ದು, ಬಾಗಲ ಮುಂದ ಬಿನ್ ಇಟ್ಟಿದ್ವಿ, ಅವತ್ತ ಬಿನ್ ಲಾರಿ ಬರೂ ದಿನಾ, ಅದರಾಗ ಒಗದು ಬಂದ್ಲು. ತಪ್ಪು ನಂದ. ಜಳಕ ಮಾಡಿ ಬಂದು ಪೂಜಿಗೆ ಕೂತೆ, ಹಣಿಗೆ ಇಬತ್ತಿ ಹಚ್ಚಿದೆ, ಲಿಂಗ ಅಂಗೈಯಾಗ ಇಟಗೊಂಡೆ. ಶಿವಾ, ಮೂಲಿ ತಪ್ಪು ಮಾಡಿತು, ಇಡೀ ಕೌದಿಗೆ ಶಿಕ್ಷಾ ಯಾಕ? ಆ ಧೋತರಕ್ಕ ಯಾಕ? ಹಂಗ ಕೇಳಾಕತ್ತೀನಿ, ಓಣಿ ತುದಿಗೆ ಲಾರಿ ಸದ್ದು ಕೇಳಿತು. ನೋಡ್ರಿ, ಲಿಂಗಧಾರಣ ಆದಾಗಿಂದ ನಾ ಪೂಜಿ ನಡಬರಕ ಬಿಟ್ಟು ಎದ್ದಾಕಿ ಅಲ್ಲ. ಹಡದ ಮ್ಯಾಲೂ ಬಿಟ್ಟಾಕಿ ಅಲ್ಲ. ಅವತ್ತ ಎದ್ದೆ. "ತಡಿಯಪ್ಪಾ, ಬಂದ್ ಕೂಡ್ತೀನಿ" ಅಂತ ಲಿಂಗ ಕಣ್ಣಿಗೆ ಒತ್ತಿ, ವಸ್ತ್ರದಾಗ ಕಟ್ಟಿ ಕೊಳ್ಳಾಗ ಹಾಕ್ಕೊಂಡು, ಬರಿಗಾಲಾಗ ಓಡಿದೆ. ಜಿಟಿಜಿಟಿ ಮಳಿ. ಬಿನ್ನಿನ ಮುಚ್ಚಳಾ ಎರಡೂ ಕೈಲೆ ಒತ್ತಿ ಹಿಡದು ನಿಂತೆ.

ಬಿನ್ ಮನಷ್ಯಾ ಬಂದ, ಎತ್ತರ ಅಂದ್ರ ಎತ್ತರ, ಹಳದಿ ಜಾಕೀಟು. "ಯು ಆಲ್‌ರೈಟ್, ಬ್ಯಾಬ್?" ಅಂದ. ಬರ್ಮಿಂಗ್‌ಹ್ಯಾಮ್ ಮಂದಿ ಬ್ಯಾಬ್ ಅಂತಾರ, ನಮ್ಮಲ್ಲೆ ಯವ್ವಾ ಅಂದಂಗ. ನನಗ ಬರತಿದ್ದ ಇಂಗ್ಲಿಷ್ ಎಲ್ಲಾ ಕೂಡಿಸಿ "ನೋ! ಮೈನ್!" ಅಂದೆ. ಅಂವ ನನ್ನ ಹಣಿ ನೋಡಿದ, ಕಾಲು ನೋಡಿದ. ಬಿನ್ ಆಳ ಐತಿ, ನನ್ನ ಕೈ ಮುಟ್ಟಂಗಿಲ್ಲ ಅಂತ ತಿಳೀತು ಅವಗ. ಪುಣ್ಯಾತ್ಮ, ಬಗ್ಗಿ ತಗದು ನನ್ನ ಹೆಗಲ ಮ್ಯಾಲೆ ಹಾಕಿ ಹೋದ. ತಿರುಗಿ ನೋಡ್ತೀನಿ, ಬಾಗಲದಾಗ ನಿಮ್ಮವ್ವ.

"ಅವ್ವಾ, ಒಳಗ ಬಾ. ಮಂದಿ ನೋಡಾಕತ್ತಾರ."

"ನೋಡ್ಲಿ. ನನ್ನ ಕಳಸೂದಿದ್ರ ಕಳಸು, ನಿನ್ನ ಮನಿ, ನಿನ್ನ ಮಾತು. ಆದ್ರ ಇದರ ಹೊಟ್ಟಿ ತುಂಬಿಸಿ ಹೋಗ್ತೀನಿ. ನಿಮ್ಮನ್ನ ಉಪವಾಸ ಕೌದ್ಯಾಗ ಮಲಗಿಸಿ ನಾ ವಿಮಾನ ಹತ್ತಂಗಿಲ್ಲ."

ಆಕಿ ಮ್ಯಾಲ ಹೋಗಿ ಮಲಗಿದ್ಲು. ನಾ ಮದಲ ಕೂತು ಪೂಜಿ ಮುಗಿಸಿದೆ, ತಪ್ಪಾತು ಅಂದೆ. ಆಮ್ಯಾಲೆ ಕಡದ ಮೂಲಿ ಕತ್ತರಿಸಿ ತಗದು, ಕೌದಿ ಬಾತ್‌ಟಬ್ಬಿನಾಗ ನೆನಸಿದೆ. ಸಾಲಿಂದ ಬಂದು ನೀಲಾ ಕಾಲಿಲೆ ತುಳದ್ಲು, ನಾನೂ ತುಳದೆ, ಆಯಿ ಮೊಮ್ಮಗಳು ಕೈಕೈ ಹಿಡಕೊಂಡು, ದ್ರಾಕ್ಷಿ ತುಳದಂಗ. ಅಟ್ಟದ ಮೆಟ್ಟಿಲ ಕಟಾಂಜನದ ಮ್ಯಾಲೆ ಮೂರು ದಿನಾ ಒಣಗಿತು. ನಾಕನೇ ದಿನಾ ಹೊಸಾ ಮೂಲಿ ಜೋಡಿಸಿ, ಮತ್ತ ಕುಕ್ಕರ್, ಅಕ್ಕಿ ಚೀಲ, ಪುಸ್ತಕ ಇಟ್ಟು ಕೂತೆ. ಕೂತೆ ಖರೆ, ಒಳಗ ಏನ್ ಇಡ್ಲಿ? ರೊಟ್ಟಿ ಇಟ್ರ ಇಲಿ, ಇಡದಿದ್ರ ಉಪವಾಸ. ಸೂಜಿ ಹಿಡದು ಶಿವಗ ಗಟ್ಟ್ಯಾಗಿ ಇದನ್ನ ಕೇಳಕೊಂತ ಕೂತೆ.

ನಿಮ್ಮಪ್ಪ ಕೆಳಗ ಇಳದು ಬಂದ. ಕೈಯಾಗ ಅವನ ಹಳೀ ಕೆಲಸದ ಅಂಗಿ, ನೀಲಿದು. ಎದಿ ಮ್ಯಾಲಿನ ಹೆಸರಿನ ಪಟ್ಟಿ ಬಿಚ್ಚಿದ್ದ, ದಾರದಾಗ ಹೊಲದಿರತಾರಲ್ಲ, ಅದು. "ಅತ್ತೀ, ಇದನ್ನ ಇಡ್ರಿ" ಅಂದ. "ಇಷ್ಟು ದಿನಾ ನಮ್ಮ ಹೊಟ್ಟಿ ತುಂಬಿಸಿದ್ದು ಇದ." ಕಾಯಕ ಅದು, ತಿಳೀತಿಲ್ಲ? ಅದಕ್ಕಿಂತ ಚೊಲೋ ರೊಟ್ಟಿ ಯಾವುದೈತಿ? ನಾ ಅಳಲಿಲ್ಲ... ಅತ್ತಬಿಟ್ಟೆ, ಸುಳ್ಳ ಯಾಕ ಹೇಳ್ಲಿ. ಅಂವ ಕುಕ್ಕರ್ ಸರಿಸಿ ಆ ಮೂಲ್ಯಾಗ ಕೂತ. ನೀಲಾ ಪುಸ್ತಕ ಸರಿಸಿ ಕೂತ್ಲು. ಉಳಿದದ್ದು ಅಕ್ಕಿ ಚೀಲ. ಮೆಟ್ಟಿಲ ಮ್ಯಾಲೆ ನಿಮ್ಮವ್ವ ಎಷ್ಟೊತ್ತಿಂದ ನಿಂತಿದ್ಲೋ ಏನೋ, ಇಳದು ಬಂದು, ಆ ಚೀಲ ಎತ್ತಿ ಅಡಗಿಮನ್ಯಾಗ ಇಟ್ಟು, ಬಂದು ಕೂತು, ಜಗ್ಗಿ ಹಿಡದ್ಲು. "ನಿರಿಗಿ ಬಿದ್ದಾವು ಅವ್ವಾ, ಇನ್ನೊಮ್ಮೆ ಹೊಲಿ" ಅಂದ್ಲು ಮತ್ತ! ಡಾಕ್ಟರ್ ಅಲ್ಲೇನು. ಟಿಕೆಟ್ ಮಾತು ಅವತ್ತ ಮುಗೀತು, ಇವತ್ತಿನತನಕ ಬಂದಿಲ್ಲ.

ಕೈ ಆಡಿಸಿ ನೋಡು ಚೆನ್ನು, ಈ ಮೂಲ್ಯಾಗ. ಗಟ್ಟಿ ಹತ್ತತೈತಿಲ್ಲ? ಹಾಂ, ನಿಮ್ಮಪ್ಪನ ಹೆಸರು. ಹರದದ್ದು ಹೊಲದರ ಮುಗೀತು, ಆದ್ರ ಒಗದದ್ದು ತಿರುಗಿ ತರಬೇಕಂದ್ರ ಪೂಜಿ ಬಿಟ್ಟು ಓಡಬೇಕಾಗತೈತಿ, ಈಗ ನನಗ ಮೊಣಕಾಲು ಇಲ್ಲ. ಏಳು, ಸೂಜಿ ಡಬ್ಬಿ ತಾ. ಕುಕ್ಕರ್ ತರಬ್ಯಾಡ. ಆ ಮೂಲ್ಯಾಗ ನೀ ಕೂಡು.