ಬೆವರದ ಕೈ

ಫಿಸಿಯೋಥೆರಪಿ ಕೊಠಡಿಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಕ್ಕ, ಅವಳ ತಮ್ಮ ಕೂತಿದ್ದರು. ತಮ್ಮನಾದವನು ಹಗ್ಗದಲ್ಲಿ ಇಳಿದು ಎತ್ತರದ ಕಟ್ಟಡಗಳ ಗಾಜು ಒರೆಸುವವನೆಂದು ಅವನ ಅಂಗಿಯ ಬೆನ್ನ ಮೇಲೆಯೇ ಬರೆದಿತ್ತು. ಬಲಭುಜಕ್ಕೆ ಪಟ್ಟಿ. ಎಡಗೈಯಲ್ಲಿ ಸ್ಪ್ರಿಂಗಿನ ಹಿಡಿಕೆಯೊಂದನ್ನು ಅಮುಕಿ ಅಮುಕಿ ಬಿಡುತ್ತಿದ್ದ.

“ಸೋಮವಾರದ ಪರೀಕ್ಷೇಲಿ ಎಷ್ಟೊತ್ತು ನೇತಾಡ್ಬೇಕು?” ಅಕ್ಕ ಕೇಳಿದಳು.

“ಒಂದ್ ನಿಮಿಷ. ಅಷ್ಟರೊಳಗೆ ಕಂಬಿ ಬಿಟ್ರೆ ಮತ್ತೆ ಕೆಲಸಕ್ಕೆ ಸೇರಿಸ್ಕೊಳ್ಳಲ್ಲ.”

“ಕೈ ಜಾರದ ಹಾಗೆ ಸೀಮೆಸುಣ್ಣದ ಪುಡಿ ಹಚ್ಕೋ.”

“ಕಂಪನೀಲಿ ಬಿಡಲ್ಲ ಅಕ್ಕ. ಒರೆಸಿದ ಗಾಜಿನ ಮೇಲೆ ನಮ್ದೇ ಕೈಗುರುತು ಬೀಳತ್ತೆ.”

“ರಾಳದ ಪುಡಿ?”

“ಹಗ್ಗಕ್ಕೆ ಮೆತ್ಕೊಳ್ಳತ್ತೆ.”

“ಟಾಲ್ಕಂ ಪೌಡರ್?”

“ಅದು ಇನ್ನೂ ಜಾರತ್ತೆ.”

“ನಿಮ್ಮ ಭಾವಂಗೆ ದಿನಾ ಅದನ್ನೇ ಚೀಲಕ್ಕೆ ಹಾಕಿ ಹಗ್ಗದ ಕೆಲಸಕ್ಕೆ ಕಳಿಸ್ತಿದ್ದೆ.”

ಹಿಡಿಕೆಯ ಕಿರುಗುಟ್ಟುವ ಸದ್ದು ಒಮ್ಮೆ ನಿಂತಿತು.

“ಅವತ್ತು ಹಚ್ಕೊಂಡಿರ್ಲಿಲ್ಲ ಅವರು.”

“ಹೂಂ.”

ಹಿಡಿಕೆ ಮತ್ತೆ ಕಿರುಗುಟ್ಟತೊಡಗಿತು.

“ಚಿಕ್ಕಂದಿನಿಂದ್ಲೂ ನಿಂದು ಬೆವರೋ ಕೈ. ತಾ ಇಲ್ಲಿ.”

ಅಕ್ಕ ಕರ್ಚೀಫು ತೆಗೆದು ಅವನ ಅಂಗೈ ಬಿಡಿಸಿದಳು. ಒರೆಸಲಿಲ್ಲ.

“ಒಣಗೇ ಇದೆಯಲ್ಲೋ.”

“ಭಾವ ನನ್ನ ಕೈಯಿಂದ ಜಾರಿ ಬಿದ್ದ ದಿನದಿಂದ ಬೆವರೇ ಬಂದಿಲ್ಲ.”

“ಮತ್ತೆ ಇಷ್ಟೊತ್ತು ಯಾಕೋ ಕೇಳಿಸ್ಕೊಂಡು ಕೂತಿದ್ದೆ?”

“ಅದಾದ್ಮೇಲೆ ನೀನು ನನ್ ಹತ್ರ ಇಷ್ಟು ಮಾತಾಡಿದ್ದು ಇವತ್ತೇ.”

ಒಳಗಿನಿಂದ ನರ್ಸ್ ನಂಬರು ಕೂಗಿದಳು. ಇಬ್ಬರೂ ಎದ್ದರು. ಬಾಗಿಲು ದಾಟುವಾಗಲೂ ಅಕ್ಕ ಆ ಕೈ ಬಿಟ್ಟಿರಲಿಲ್ಲ.